ಪುತಳಿ ಕರಗಿಸುವ ಮುನ್ನ ಅದರ ಅಕ್ಷರ ನೋಡಿ!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಾಯಂದಿರಿಗೆ ಪುತಳಿ ಸರ ಎಂದರೇನೆಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಆ ಪುತಳಿ ಎಲ್ಲಿಂದ ಬಂತು ಎಂದು ಕೇಳಿ ನೋಡಿ! "ನಮ್ಮತ್ತಿ ಕೊಟ್ಟದ್ದು" ಎನ್ನುತ್ತಾರೆ. ಅತ್ತೆಗೆ ಅವರತ್ತೆ ಕೊಟ್ಟದ್ದು. ಅದರಾಚೆಗೆ ನಾವು ಕೇಳಿಯೇ ಇಲ್ಲ. ಕೇಳದೆಯೇ ಮಾರಿದ್ದೇವೆ, ಕರಗಿಸಿದ್ದೇವೆ.

ನಮ್ಮ ಮನೆಯಲ್ಲೇ ಹೀಗಾಯಿತು. ಬನಹಟ್ಟಿಯಲ್ಲಿರುವ ನನ್ನ ಚಿಗವ್ವ ಮಗ್ಗದ ಸಾಲ ತೀರಿಸಲು ತನ್ನ ಪುತಳಿ ಸರ ಮಾರಿದಳು. ಜೊತೆಗೆ ಹೋದವನು ನಾನೇ, ನಾಲ್ಕಕ್ಷರ ಕಲಿತವನೆಂದು! ಸರದಲ್ಲಿ ಹದಿನಾಲ್ಕು ಪುತಳಿ ಇದ್ದವು. ಹನ್ನೆರಡು ಒಂದೇ ಅಚ್ಚಿನವು. ಎರಡು ಬೇರೆ. ತುಸು ದಪ್ಪ, ಅಂಚು ಸವೆದದ್ದು, ಸುತ್ತ ಇಂಗ್ಲಿಷಿನಂಥ ಅಕ್ಷರ. ಅಂಗಡಿಯವನು ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದ, 22 ಕ್ಯಾರಟ್ ದರ ಹಚ್ಚಿದ, ಸವಕಳಿ ಕಳೆದ, ಇಂಗ್ಲಿಷ್ ಚೀಟಿಯ ಮೇಲೆ ಚಿಗವ್ವನ ಹೆಬ್ಬೆಟ್ಟು ಒತ್ತಿಸಿಕೊಂಡ. ಪಕ್ಕದಲ್ಲಿ ನಿಂತ ನಾನು ಬಾಯಿ ಬಿಡಲಿಲ್ಲ. ಬಿಡಲು ನನಗೇನು ಗೊತ್ತಿತ್ತು?

ಈಗ ಗೊತ್ತಾದದ್ದನ್ನು ಹೇಳುತ್ತೇನೆ. ಪುತಳಿ ಎಂದರೆ ಗೊಂಬೆ. ನಮ್ಮ ಪತ್ತಾರರು ಅಚ್ಚು ಹಾಕುವ ಮೊದಲು ಆ ಹೆಸರು ಇಟಲಿಯ ವೆನಿಸ್ ಪಟ್ಟಣದ ಬಂಗಾರದ ನಾಣ್ಯಕ್ಕೆ ಸೇರಿತ್ತು. ಅದರ ಹೆಸರು ಡುಕಾಟ್. 1284ರಿಂದ 1797ರವರೆಗೆ, ಐನೂರು ವರ್ಷಕ್ಕೂ ಮಿಕ್ಕಿ, ಹೆಚ್ಚುಕಡಿಮೆ ಒಂದೇ ಚಿತ್ರ, ಒಂದೇ ತೂಕದಲ್ಲಿ ಅದನ್ನು ಟಂಕಿಸಿದರು. ಮೆಣಸು, ಅರಿವೆ ಕೊಳ್ಳಲು ಬಂದ ವರ್ತಕರ ಕೈಯಿಂದ ಅದು ಪಡುವಣ ಕರಾವಳಿಗಿಳಿದು, ಅಲ್ಲಿಂದ ಘಟ್ಟ ಹತ್ತಿತು. ಪರದೇಶದ ನಾಣ್ಯ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ನರ ಬೆಳ್ಳಿ ಸಿಕ್ಕಿದೆ, ಹಾನಗಲ್ಲಿನ ಅಕ್ಕಿಆಲೂರಿನಲ್ಲಿ ಬೈಜಾಂಟಿಯನ್ ದೊರೆಗಳ ಬಂಗಾರ ಸಿಕ್ಕಿದೆ.

ಡುಕಾಟಿನ ಒಂದು ಬದಿಯಲ್ಲಿ ನಿಂತ ಸಂತ ಮಾರ್ಕ್, ಅವನ ಮುಂದೆ ಮೊಣಕಾಲೂರಿದ ವೆನಿಸ್ಸಿನ ಮುಖ್ಯಸ್ಥ, ಇಬ್ಬರ ನಡುವೆ ಧ್ವಜದ ಕೋಲು. ಆ ಮುಖ್ಯಸ್ಥನನ್ನು ದೋಜೆ ಎನ್ನುತ್ತಿದ್ದರು. ಇನ್ನೊಂದು ಬದಿಗೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಚುಕ್ಕಿಗಳ ನಡುವೆ ಏಸುಕ್ರಿಸ್ತ. ನಮ್ಮ ಅಜ್ಜಿಯರು ಎದುರುಬದಿರು ಇರುವ ಇಬ್ಬರನ್ನು ನೋಡಿ "ರಾಮ-ಸೀತಿ" ಎಂದು ಕಣ್ಣಿಗೊತ್ತಿಕೊಂಡರು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಓದಲು ಬಾರದ ನಾಣ್ಯವನ್ನು ನಮ್ಮವರು ತಮ್ಮದಾಗಿಸಿಕೊಂಡ ರೀತಿ ಅದು.

ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು? ಎಲ್ಲ ಪುತಳಿಯೂ ಡುಕಾಟ್ ಅಲ್ಲ. ಹೆಚ್ಚಿನವು ಇಲ್ಲಿಯೇ ಅಚ್ಚಾದವು. ಒಂದು ಭೂತಗನ್ನಡಿ ತಂದು ಅಕ್ಷರ ನೋಡಿ. ಅಸಲಿಯಲ್ಲಿ ಧ್ವಜದ ಕೋಲಿನ ಪಕ್ಕ ಡಿ, ವಿ, ಎಕ್ಸ್ ಎಂಬ ಮೂರು ಅಕ್ಷರ ಒಂದರ ಕೆಳಗೊಂದು ಇರುತ್ತವೆ. ಅಂಚಿನಲ್ಲಿ ದೋಜೆಯ ಹೆಸರಿರುತ್ತದೆ. ಕೊನೆಯ ದೋಜೆ ಲುಡೊವಿಕೊ ಮಾನಿನ್, ಅವನ ಕಾಲ 1789ರಿಂದ 1797. ಆ ಲಿಪಿ ಬಾರದ ಕೆಲಸಗಾರ ನಕಲು ಮಾಡಿದಾಗ ಅಕ್ಷರಗಳು ಬರೀ ಗೆರೆ-ಚುಕ್ಕಿಯಾಗುತ್ತವೆ. ಆಮೇಲೆ ತೂಕ. ಅಸಲಿ ಸುಮಾರು ಮೂರೂವರೆ ಗ್ರಾಂ ಇರುತ್ತದೆ. ಕೊಂಡಿ ಬೆಸೆದಿದ್ದರೆ ತುಸು ಹೆಚ್ಚು, ಸವೆದಿದ್ದರೆ ತುಸು ಕಡಿಮೆ. ಕೊಂಡಿಯಿಲ್ಲದ ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ತೂಗಿಬಿಟ್ಟು ತೂಗಿದರೆ ಗ್ರಾಮಿನ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಇಳಿಯಬೇಕು. ಅದಕ್ಕಿಂತ ಬಹಳ ಇಳಿದರೆ ಬಂಗಾರಕ್ಕೆ ಬೇರೆ ಲೋಹ ಸೇರಿದೆಯೆಂದು ತಿಳಿಯಿರಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಅಸಲಿ ಡುಕಾಟ್ ನೂರಕ್ಕೆ 99ಕ್ಕೂ ಮೇಲ್ಪಟ್ಟು ಶುದ್ಧ ಬಂಗಾರ. ಅದನ್ನು 22 ಕ್ಯಾರಟ್ ದರದಲ್ಲಿ, ಅಂದರೆ 91.6ರ ಲೆಕ್ಕದಲ್ಲಿ ಕೊಟ್ಟರೆ, ನಾಣ್ಯವೆಂಬ ಬೆಲೆ ಹಾಗಿರಲಿ, ಬರೀ ಲೋಹದಲ್ಲಿಯೇ ನೂರಕ್ಕೆ ಸುಮಾರು ಎಂಟು ರೂಪಾಯಿ ಹೋಯಿತು! ಕಷ್ಟಕ್ಕೆ ಬಂಗಾರ ಮಾರುವ ನೇಕಾರರ ಮನೆಗೆ ಇದು ಸಣ್ಣ ಮೊತ್ತವೇ?

ಮಾರುವವರು ಅಂಟವಾಳಕಾಯಿ ಹಾಕಿ ತಿಕ್ಕಬೇಡಿ. ಮುಖದ ಮೇಲೆ ಒರೆ ಹಚ್ಚಲು ಬಿಡಬೇಡಿ. ಕೊಂಡಿ ಕತ್ತರಿಸಬೇಡಿ. ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಒಂದೊಂದನ್ನೂ ಬೇರೆ ಬೇರೆ ತೂಗಿಸಿ. "ಇಟ್ಟು ಹೋಗ್ರಿ, ನಾಳಿ ಹೇಳತೀನಿ" ಎಂದರೆ ಎದ್ದು ಬನ್ನಿ. ಹಾಲ್‌ಮಾರ್ಕ್ ಪರೀಕ್ಷಾ ಕೇಂದ್ರಗಳಲ್ಲಿ ಸಾಮಾನ್ಯರೂ ಹಣ ಕೊಟ್ಟು ಶುದ್ಧತೆ ನೋಡಿಸಬಹುದು. ಆದರೆ ಅವರು ಹೇಳುವುದು ಬಂಗಾರ ಎಷ್ಟು ಎಂಬುದನ್ನು ಮಾತ್ರ, ನಾಣ್ಯ ಯಾರದು ಎಂಬುದನ್ನಲ್ಲ.

ಹಾಗೆಂದು ಕೋಟಿಯ ಕನಸು ಬೇಡ. ಡುಕಾಟುಗಳು ಲಕ್ಷಗಟ್ಟಲೆ ಹೊರಬಿದ್ದವು. ಕೊಂಡಿ ಬೆಸೆದ, ಸವೆದ ನಾಣ್ಯಕ್ಕೆ ಸಂಗ್ರಹಕಾರರು ಬಂಗಾರದ ಬೆಲೆಯ ಮೇಲೆ ಕೊಡುವುದು ಅಷ್ಟಕ್ಕಷ್ಟೆ. ಕೆಲವೇ ದೋಜೆಗಳದು ವಿರಳ. ಈ ಕೋಟಿಯ ಆಸೆಯನ್ನೇ ಹಿಡಿದು ನುಂಗುವವರು ನಮ್ಮ ಸುತ್ತ ಇದ್ದಾರೆ. 'ಅಕ್ಕಿ ಎಳೆಯುವ ನಾಣ್ಯ' ಎಂದು ರಾಮ, ಹನುಮಂತನ ಚಿತ್ರವಿರುವ ತಾಮ್ರದ ಬಿಲ್ಲೆ ತೋರಿಸಿ, 1818ರ ಕಂಪನಿ ಸರಕಾರದ ಒಂದಾಣೆ ಎನ್ನುತ್ತಾರೆ. ಇಂಡಿಯಾದಲ್ಲಿ ಬ್ರಿಟಿಷರು ಒಂದಾಣೆ ನಾಣ್ಯ ತಂದದ್ದೇ ಇಪ್ಪತ್ತನೆಯ ಶತಮಾನದಲ್ಲಿ, ಅದೂ ತಾಮ್ರ-ನಿಕ್ಕಲಿನದು! ಹಳೆಯ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಮಾರುವವನೇ ಮೊದಲು ದುಡ್ಡು ಕಟ್ಟುವ ವ್ಯಾಪಾರ ಎಲ್ಲಿಯದು ಸ್ವಾಮಿ?

ಕಾಯಿದೆಯನ್ನೂ ಮರೆಯಬಾರದು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ವ್ಯಾಪಾರವಾಗಿ ಮಾರುವವರಿಗೆ ಪರವಾನಗಿ ಬೇಕು, ಕೊಳ್ಳುವವನಲ್ಲಿ ಅದನ್ನು ಕೇಳಿ ನೋಡಿ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಹೊಸ ಮನೆಗೆ ಪಾಯ ತೋಡುವಾಗ ಏನಾದರೂ ಸಿಕ್ಕರೆ ಅದು ಮಾರುವ ಮಾಲಲ್ಲ. ರಾಜ್ಯದ 1962ರ ನಿಧಿ ಕಾಯಿದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಇಷ್ಟನ್ನು ತಿಳಿಯಲು ನಾನು ಇಂಗ್ಲಿಷ್ ಪುಸ್ತಕ ತಡಕಬೇಕಾಯಿತು. ಏಕೆ? ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೆ ವಸ್ತುಸಂಗ್ರಹಾಲಯವಿದೆ. ರಾಜ್ಯಕ್ಕೆ ಪುರಾತತ್ವ ಇಲಾಖೆಯಿದೆ. ವರ್ಷಕ್ಕೊಮ್ಮೆ ಜಮಖಂಡಿಗೋ ಮುಧೋಳಕ್ಕೋ ತಜ್ಞರೊಬ್ಬರು ಬಂದು ಒಂದು ದಿನ ಕುಳಿತು, ಜನ ತಂದ ನಾಣ್ಯ ನೋಡಿ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಲಿ. ಹಳೆ ಬಂಗಾರ ಕೊಳ್ಳುವ, ಒತ್ತೆ ಇಟ್ಟುಕೊಳ್ಳುವ ಪ್ರತಿಯೊಬ್ಬರೂ ಬಿಡಿ ಬಿಡಿ ತೂಕವನ್ನು ಕನ್ನಡ ಚೀಟಿಯಲ್ಲಿ ಬರೆಯಬೇಕೆಂದು ಸರಕಾರ ಆದೇಶ ಹೊರಡಿಸಲಿ. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಲಾದರೂ ಅದು ಕನ್ನಡದಲ್ಲಿರಬೇಡವೇ?

ಚಿಗವ್ವನ ಸರದಿಂದ ಹಿಂದೆಂದೋ ಕಳಚಿ ಬಿದ್ದ ಒಂದು ಪುತಳಿ ದೇವರ ಜಗಲಿಯ ಮೇಲೆ ಉಳಿದಿತ್ತು. ಮೊನ್ನೆ ಅದನ್ನು ಭೂತಗನ್ನಡಿಯಲ್ಲಿ ನೋಡಿದೆ. ಕೋಲಿನ ಪಕ್ಕ ಮೂರು ಅಡ್ಡಗೆರೆ, ಅಂಚಿಗೆಲ್ಲ ಚುಕ್ಕಿ. ಇಲ್ಲಿಯದೇ ಅಚ್ಚು. ಹಾಗೆಂದು ಹೇಳಿದೆ.

"ಹಂಗಾರ ಆ ಎರಡೂ?" ಎಂದಳು ಚಿಗವ್ವ.

ಚೀಟಿ ತೆಗೆದು ನೋಡಿದೆ. ಅದರಲ್ಲಿ ಒಟ್ಟು ತೂಕ ಮಾತ್ರ ಇತ್ತು.