ಇಪ್ಪತ್ತನಾಲ್ಕು ಗಂಟೆಯ ಆಪತ್ತು

ಆಪತ್ತು ಹೊತ್ತು ನೋಡಿ ಬರುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಆದರೆ ಬಂದ ಆಪತ್ತು ಎಷ್ಟು ಹೊತ್ತು ನಿಲ್ಲಬೇಕೆಂದು ನಿಷ್ಕರ್ಷಿಸುವವರೂ ಉಂಟೆಂಬುದು ನನಗೆ ತಿಳಿದದ್ದು ಕಳೆದ ಮಳೆಗಾಲದಲ್ಲಿ.

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ತಾಯಿಗೆ ಎದೆ ಹಿಡಿದಂತಾಯಿತು, ಮೈಯೆಲ್ಲ ಬೆವರಿತು. ಅಂಥ ಹೊತ್ತಿನಲ್ಲಿ ವಿಮೆಯ ನಿಬಂಧನೆಗಳನ್ನು ಓದುತ್ತ ಕೂಡುವ ಮಗನುಂಟೆ? ಆಟೋ ಹಿಡಿದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದೆ. ಇ.ಸಿ.ಜಿ. ತೆಗೆದರು. ರಕ್ತವನ್ನು ಒಮ್ಮೆ ಪರೀಕ್ಷಿಸಿ, ಕೆಲವು ಗಂಟೆಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರು. ಹೃದಯಾಘಾತವಾದಾಗ ರಕ್ತದಲ್ಲಿ ಟ್ರೋಪೋನಿನ್ ಏರುವುದಕ್ಕೆ ಹೊತ್ತು ಹಿಡಿಯುವುದರಿಂದ ಮೊದಲ ಪರೀಕ್ಷೆಯೊಂದನ್ನೇ ನಂಬುವಂತಿಲ್ಲವಂತೆ. ಬೆಳಗಿನ ಜಾವ ವೈದ್ಯರು ಬಂದು, "ಹೆದರಬೇಡಿ, ಹೃದಯದ ತೊಂದರೆಯಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದರು.

ಬಿಲ್ಲನ್ನು ವಿಮಾ ಕಂಪನಿಗೆ ಕಳುಹಿಸಿದೆ. ಎಂಟು ವರ್ಷ ತಪ್ಪದೆ ಕಂತು ಕಟ್ಟಿದವನು ನಾನು. ರೋಗಿಯು ಸತತವಾಗಿ 24 ಗಂಟೆ ಒಳರೋಗಿಯಾಗಿರಲಿಲ್ಲ, ಆದ್ದರಿಂದ ಹಣ ಸಲ್ಲದೆಂದು ಉತ್ತರ ಬಂದಿತು. ಪಾಲಿಸಿಯನ್ನು ತೆಗೆದು ನೋಡಿದರೆ ಹಾಗೆಯೇ ಬರೆದಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿ. ಓದುವುದೇ ಕಸುಬಾದ ನಾನು ಓದದೆ ರುಜು ಹಾಕಿದ್ದೆ. ಆ ತಪ್ಪು ನನ್ನದೇ.

ಆದರೆ ನಿಬಂಧನೆಯ ನ್ಯಾಯವನ್ನು ವಿಚಾರಿಸಬೇಡವೆ? ಅದೇ ರಾತ್ರಿ ಹೃದಯಾಘಾತವೆಂದು ನಿರ್ಧರಿಸಿ ಒಳಗೆ ಸೇರಿಸಿಕೊಂಡಿದ್ದರೆ ತುರ್ತು ವಿಭಾಗದ ಖರ್ಚೂ ಸಾಮಾನ್ಯವಾಗಿ ಅದರೊಡನೆ ಸಲ್ಲುತ್ತಿತ್ತು. ರೋಗವಿಲ್ಲವೆಂದು ತಿಳಿದದ್ದೇ ನಮ್ಮ ಅಪರಾಧವಾಯಿತು. "ಇನ್ನೊಂದು ದಿನ ಮಲಗಿಸಿಬಿಡಬಾರದಾಗಿತ್ತೇ, ಸ್ವಾಮಿ?" ಎಂದರು ಸಹೋದ್ಯೋಗಿಯೊಬ್ಬರು. ಲೋಕಜ್ಞಾನದ ಮಾತೇ ಸರಿ. ಆದರೆ ಆ ಹಾಸಿಗೆಗಾಗಿ ನಿಜವಾದ ರೋಗಿಯೊಬ್ಬ ಹೊರಗೆ ಕಾಯುತ್ತಿರಬಹುದಲ್ಲವೆ? ಸುಳ್ಳಿಗೆ ಬಹುಮಾನ, ನಿಜಕ್ಕೆ ದಂಡ ಎಂಬಂಥ ನಿಬಂಧನೆ ಸಜ್ಜನರನ್ನೂ ಕೆಡಿಸುತ್ತದೆ.

ನೆಗಡಿ ಕೆಮ್ಮುಗಳಿಗೂ ಹಣ ಕೊಡುತ್ತ ಹೋದರೆ ಎಲ್ಲರ ಕಂತೂ ಏರೀತೆಂಬ ವಾದವುಂಟು. ಅದನ್ನು ನಾನು ಒಪ್ಪುತ್ತೇನೆ. ಆದರೆ ನೆಗಡಿಗೂ ಎದೆನೋವಿಗೂ ಗೆರೆ ಎಳೆಯುವುದು ಅಸಾಧ್ಯವೇನಲ್ಲ. ಅಮೆರಿಕದ ಆರೋಗ್ಯ ವಿಮೆಗಳ ವಿಷಯದಲ್ಲಿ 2010ರ ಕಾಯಿದೆ ಆ ಗೆರೆಯನ್ನು ಎಳೆದಿದೆ. ಕೊನೆಗೆ ಯಾವ ರೋಗವೆಂದು ಗೊತ್ತಾಯಿತು ಎಂಬುದಲ್ಲ, ಆ ಲಕ್ಷಣಗಳನ್ನು ಕಂಡ ವಿವೇಕಿಯಾದ ಸಾಮಾನ್ಯ ಮನುಷ್ಯನು ಆರೋಗ್ಯಕ್ಕೆ ಗಂಭೀರ ಅಪಾಯವೆಂದು ಭಾವಿಸುತ್ತಿದ್ದನೆ ಎಂಬುದೇ ಅಲ್ಲಿನ ಒರೆಗಲ್ಲು. ಆ ದೇಶದ ವಿಮಾ ಪದ್ಧತಿಯಲ್ಲಿ ಬೇರೆ ದೋಷಗಳು ಬೇಕಾದಷ್ಟಿವೆ. ಈ ಒರೆಗಲ್ಲು ಮಾತ್ರ ನಾವು ತೆಗೆದುಕೊಳ್ಳಬಹುದಾದದ್ದು. ಅಪಘಾತಕ್ಕೊಳಗಾದವನಿಗೆ ಕಾನೂನಿನ ವಿಧಿಗಳನ್ನು ಕಾಯದೆ ಚಿಕಿತ್ಸೆ ಕೊಡಬೇಕೆಂದು ನಮ್ಮ ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ. ವೈದ್ಯನು ಕಾಯಬಾರದೆಂದು ಹೇಳಿದ ನಾಡಿನಲ್ಲಿ ವಿಮೆ ಮಾತ್ರ ಗಡಿಯಾರ ನೋಡುವುದು ಸರಿಯೆ?

ಹೋದ ಹಣದ ದುಃಖ ನನಗಿಲ್ಲ. ಮೊನ್ನೆ ಬೆಳಿಗ್ಗೆ ಕಾಫಿ ಕೊಡುತ್ತ ಅಮ್ಮ ಹೇಳಿದರು: "ರಾತ್ರಿ ಮತ್ತೆ ಎದೆ ಹಿಡಿದಿತ್ತು ಕಣಪ್ಪ. ನಿನಗೆ ಪುನಃ ದುಡ್ಡು ದಂಡವಾದೀತೆಂದು ಸುಮ್ಮನೆ ಮಲಗಿದ್ದೆ."

ನನ್ನ ಕೈಯ ಲೋಟ ನಡುಗಿತು. ಆ ನಿಬಂಧನೆಯ ನಿಜವಾದ ಬೆಲೆ ನನಗೆ ತಿಳಿದದ್ದು ಆಗ.