ಜತ್ತಿನ ಚಳಿಗಾಲಕ್ಕೆ ಬಿಡುವಿಲ್ಲ
ಚಳಿಗಾಲ ಮೈಮನಗಳ ವಿಶ್ರಾಂತಿಗೆ ಮೀಸಲು, ಸಣ್ಣದೊಂದು ಗುರಿ ಹಾಕಿಕೊಂಡರೆ ಸಾಕು ಎಂದು ಪತ್ರಿಕೆಗಳಲ್ಲಿ ಬರುವ ಸಲಹೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಹೊಂದುವುದಿಲ್ಲ. ಮಳೆ ಕಡಿಮೆಯಾದ ಈ ಗಡಿನಾಡಿನಲ್ಲಿ ಹಿಂಗಾರಿ ಜೋಳವೇ ವರ್ಷದ ರೊಟ್ಟಿ. ಅದು ಬೆಳೆಯುವುದು ಚಳಿಯಲ್ಲೇ. ಎಷ್ಟೋ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಗುಳೆ ಹೋಗುತ್ತವೆ. ನಸುಕಿನ ಇಬ್ಬನಿಯಲ್ಲಿ ತೊಯ್ದ ಕಬ್ಬಿನ ರವದಿ ಅಂಗೈ ಗೀರುವಾಗ, ಪಡೆದ ಮುಂಗಡ ತೀರಿಸುವುದೊಂದೇ ಗುರಿ. ಗುಡ್ಡಾಪುರ ದಾನಮ್ಮನ ಜಾತ್ರೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚೆಲ್ಲುವ ಚರಗ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ: ಇಲ್ಲಿಯ ಆರೈಕೆ ಹತ್ತು ಜನ ಕೂಡಿ ಉಣ್ಣುವುದರಲ್ಲಿದೆ. ಗುಳೆ ಹೋದವರಿಗೆ ಅದೂ ತಪ್ಪುತ್ತದೆ. ಅವರ ಗುಡಿಸಲಿಗೆ ಬೇಕಾದದ್ದು ಕಂಬಳಿ, ಬಿಸಿನೀರು, ಹತ್ತಿರದಲ್ಲೊಂದು ದವಾಖಾನೆ. ಅದನ್ನು ಒದಗಿಸುವ ಹೊಣೆ ಸಕ್ಕರೆ ಕಾರ್ಖಾನೆಗಳದ್ದು ಮತ್ತು ಸರ್ಕಾರದ್ದು.