ತಗಡು ಹೊಡೆದ ಮೇಲೆ ಹೊಗೆ ಎಲ್ಲಿ ಹೋಯಿತು?

ಹಳೆಯ ಪಿಕಪ್ ಗಾಡಿ ಕಪ್ಪು ಹೊಗೆ ಕಾರಲು ಶುರು ಮಾಡಿತೆಂದರೆ, ಚಿಂತಾಮಣಿಯ ಟೊಮೆಟೊ ಮಂಡಿಯ ಮುಂದೆಯೋ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಪಕ್ಕದಲ್ಲೋ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಇಜಿಆರ್‌ಗೆ ಒಂದು ತಗಡು ಹೊಡೆಸಿಬಿಡಿ, ಎಲ್ಲ ಸರಿಹೋಗುತ್ತೆ.’ ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ಎಷ್ಟೋ ಸಲ ಗಾಡಿ ಮತ್ತೆ ಎಳೆಯುತ್ತದೆ, ಹೊಗೆ ಇಳಿಯುತ್ತದೆ, ಎಮಿಷನ್ ಟೆಸ್ಟಿನಲ್ಲಿ ಪಾಸೂ ಆಗುತ್ತದೆ. ಬಾಡಿಗೆ ನಂಬಿ ಬದುಕುವವರಿಗೆ ಇನ್ನೇನು ಬೇಕು? ಆದರೂ ಈ ಸಲಹೆ ತಪ್ಪು. ಯಾಕೆ ತಪ್ಪು ಎಂದು ಹೇಳಹೊರಟರೆ ಮಾತು ನಮ್ಮ ದ್ರಾಕ್ಷಿ ತೋಟಗಳವರೆಗೂ ಹೋಗುತ್ತದೆ.

ಇಜಿಆರ್ ಎಂಬುದು ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪ ಪಾಲನ್ನು ಮತ್ತೆ ಒಳಗೆ ಕಳುಹಿಸುವ ವಾಲ್ವ್. ಡೀಸೆಲ್ ಉರಿಯುವಾಗ ಸಿಲಿಂಡರಿನ ಬಿಸಿ ವಿಪರೀತ ಏರಿದರೆ, ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಒಮ್ಮೆ ಉರಿದ ಹೊಗೆ ಮತ್ತೆ ಉರಿಯುವುದಿಲ್ಲ. ಅದು ಒಳಗೆ ಸೇರಿದಾಗ ಬಿಸಿ ತಗ್ಗುತ್ತದೆ, ಈ ಅನಿಲವೂ ಕಡಿಮೆಯಾಗುತ್ತದೆ. ಗಾಡಿ ಲೋಡ್ ಎಳೆಯುವಾಗ ವಾಲ್ವ್ ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ನಿಂತರೆ ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬರುತ್ತದೆ. ತಗಡು ಆ ದಾರಿಯನ್ನೇ ಮುಚ್ಚುತ್ತದೆ. ಕಪ್ಪು ಹೋಗುತ್ತದೆ, ಕಣ್ಣಿಗೆ ಕಾಣದ ಅನಿಲ ಹೆಚ್ಚುತ್ತದೆ.

ಇದು ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳುವುದಿಲ್ಲವೇ? ಇಲ್ಲ. ಡೀಸೆಲ್ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸೈಲೆನ್ಸರಿಗೆ ಇಟ್ಟ ನಳಿಗೆಯಿಂದ ಹೊಗೆ ಎಳೆದು, ಅದು ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಅಳೆಯುತ್ತಾರೆ. ಭಾರತ್ ಸ್ಟೇಜ್-4 (ಬಿಎಸ್-4) ಮಾನದಂಡದ ಗಾಡಿಗೆ ಮಿತಿ ಮೀಟರಿಗೆ 1.62, ಅದಕ್ಕಿಂತ ಹಳೆಯದಕ್ಕೆ 2.45. ನೈಟ್ರೋಜನ್ ಆಕ್ಸೈಡಿನ ಲೆಕ್ಕ ಅಲ್ಲಿಲ್ಲ. ಹೀಗಾಗಿ ವಾಲ್ವ್ ಬಿಚ್ಚಿ ನಿಯತ್ತಾಗಿ ತೊಳೆಸಿದ ಗಾಡಿಗೂ ತಗಡು ಹೊಡೆದ ಗಾಡಿಗೂ ಒಂದೇ ಬಗೆಯ ಸರ್ಟಿಫಿಕೇಟ್ ಸಿಗುತ್ತದೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಆ ಅನಿಲ ಬಿಸಿಲಿನಲ್ಲಿ ಪೆಟ್ರೋಲ್, ಬಣ್ಣ ಮೊದಲಾದವುಗಳ ಆವಿಯೊಂದಿಗೆ ಸೇರಿ ಓಝೋನ್ ಆಗುತ್ತದೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್ ನೆಲದ ಮಟ್ಟದಲ್ಲಿ ಶ್ವಾಸಕೋಶವನ್ನೂ ಎಲೆಯನ್ನೂ ಸುಡುತ್ತದೆ. ವಾಹನ ದಟ್ಟಣೆಯ ರಸ್ತೆಯಲ್ಲಿಗಿಂತ ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿ ಅದು ಹೆಚ್ಚು ಶೇಖರವಾಗುವುದುಂಟು. ಓಝೋನ್ ಎಲೆಗೆ ಮಾಡುವ ಹಾನಿಯನ್ನು ವಿಜ್ಞಾನಿಗಳು ಮೊಟ್ಟಮೊದಲು ಗುರುತು ಹಿಡಿದ ಬೆಳೆಗಳಲ್ಲಿ ದ್ರಾಕ್ಷಿಯೂ ಒಂದು. 1958ರಲ್ಲಿ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಎಲೆಯ ಮೇಲ್ಮೈಯಲ್ಲಿ ಕಂದು ಚುಕ್ಕೆಗಳು ಮೂಡುತ್ತಿದ್ದುದಕ್ಕೆ ಕಾರಣ ರೋಗವಲ್ಲ, ಗಾಳಿ ಎಂದು ಅವರು ತೋರಿಸಿಕೊಟ್ಟರು. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದವರು ಇದನ್ನು ತಿಳಿದಿರಬೇಕು. ಆ ದ್ರಾಕ್ಷಿಯನ್ನು ಪೇಟೆಗೆ ಹೊತ್ತೊಯ್ಯುವುದೂ ಇವೇ ಗಾಡಿಗಳು.

ದೊಡ್ಡವರೂ ಇದೇ ಕೆಲಸ ಮಾಡಿದ್ದಾರೆ. 2015ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಕಂಪನಿ ತಗಡನ್ನು ಸಾಫ್ಟ್‌ವೇರಿನಲ್ಲೇ ಬಚ್ಚಿಟ್ಟಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದಾಗ ಕಾರು ಶುದ್ಧವಾಗಿರುತ್ತಿತ್ತು. ರಸ್ತೆಗಿಳಿದರೆ ಅಮೆರಿಕದ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಲೋಕದಾದ್ಯಂತ ಇಂಥ ಸುಮಾರು 1.1 ಕೋಟಿ ವಾಹನಗಳಿದ್ದವು. ಅವರನ್ನು ಬೈದು, ನಮ್ಮ ಗ್ಯಾರೇಜಿನ ತಗಡನ್ನು ಜಾಣತನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಬಲ್ಲ ಮೇಸ್ತ್ರಿ ಮೊದಲು ಹೊಗೆಯ ಬಣ್ಣ ನೋಡುತ್ತಾನೆ. ನೀಲಿಯಾಗಿದ್ದರೆ ಗಾಡಿ ಆಯಿಲ್ ಕುಡಿಯುತ್ತಿದೆ. ಟರ್ಬೋದ ಸೀಲೋ ಪಿಸ್ಟನ್ ರಿಂಗೋ ಸವೆದಿರುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಇಳಿಯುತ್ತಿರಬಹುದು, ನಾಜಲ್ ಕೆಟ್ಟಿರಲೂಬಹುದು. ಕಪ್ಪಾಗಿದ್ದರೆ ಗಾಳಿಯ ದಾರಿ ಹಿಡಿದು ಹೊರಡಬೇಕು. ನಮ್ಮ ಬಯಲುಸೀಮೆಯ ಕೆಂಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದು ಚೊಕ್ಕಟವಾಗಿದ್ದರೆ ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಗೆ ಕೈ ಹಾಕಿ ಸವರಬೇಕು. ಸೀಳಿದ್ದರೆ ಬೆರಳಿಗೆ ಎಣ್ಣೆ ಜಿಡ್ಡು ಹತ್ತುತ್ತದೆ, ದಿಬ್ಬ ಹತ್ತುವಾಗ ಸಿಳ್ಳೆ ಕೇಳುತ್ತದೆ. ಒಂದು ಪೈಪಿನ ತಪ್ಪಿಗೆ ಪಂಪು, ನಾಜಲ್ ಎಲ್ಲ ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಕಡಿಮೆಯಿಲ್ಲ.

ಇಜಿಆರ್ ಸರದಿ ಆಮೇಲಿನದು. ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ವಾಲ್ವ್ ಆದರೆ ಅದರ ಸಣ್ಣ ಪೈಪನ್ನು ಕಿತ್ತು, ಬಾಯಿ ಮುಚ್ಚಿ, ಗಾಡಿ ಓಡಿಸಿ ನೋಡಬೇಕು. ಹೊಗೆ ನಿಂತಿತೆಂದರೆ ವಾಲ್ವ್ ಸರಿಯಾಗಿಯೇ ಮುಚ್ಚುತ್ತಿದೆ, ಅದಕ್ಕೆ ಅಪ್ಪಣೆ ಕೊಡುವ ಸೊಲೆನಾಯ್ಡ್, ಸೆನ್ಸರ್ ಅಥವಾ ವೈರಿನಲ್ಲಿ ದೋಷವಿದೆ. ನಿಲ್ಲದಿದ್ದರೆ ವಾಲ್ವನ್ನೇ ಇಳಿಸಬೇಕು. ಒಳಗೆ ಮಸಿಯೂ ಎಣ್ಣೆಯೂ ಬೆರೆತು ಡಾಂಬರಿನಂತೆ ಕಟ್ಟಿರುತ್ತದೆ. ಅದನ್ನು ನೆನೆಸಿ, ಬ್ರಶ್ಶಿನಿಂದ ಉಜ್ಜಿ, ಮುಚ್ಚಿದ ವಾಲ್ವಿನ ಮೇಲೆ ಸ್ವಲ್ಪ ಡೀಸೆಲ್ ಸುರಿಯಬೇಕು. ಜಿನುಗಿದರೆ ಇನ್ನೂ ಉಜ್ಜಬೇಕು, ಇಲ್ಲವೇ ಹೊಸದು ಹಾಕಬೇಕು. ಕರೆಂಟಿನ ವಾಲ್ವ್ ಇರುವ ಕಾಮನ್ ರೈಲ್ ಗಾಡಿಗೆ ಸ್ಕ್ಯಾನರ್ ಹಚ್ಚದೆ ವಿಧಿಯಿಲ್ಲ. ಕಂಪ್ಯೂಟರ್ ಎಷ್ಟು ತೆರೆ ಎಂದಿತು, ವಾಲ್ವ್ ಎಷ್ಟು ತೆರೆಯಿತು ಎಂಬುದು ಅಲ್ಲಿ ಕಾಣುತ್ತದೆ.

ಮಸಿ ಕಟ್ಟುವುದಕ್ಕೆ ನಮ್ಮ ಅಭ್ಯಾಸಗಳೂ ಕಾರಣ. ಮಂಡಿಯ ಸಾಲಿನಲ್ಲಿ ಗಂಟೆಗಟ್ಟಲೆ ಎಂಜಿನ್ ಆಫ್ ಮಾಡದೆ ನಿಲ್ಲುವುದು, ಓವರ್‌ಲೋಡ್ ಹಾಕಿ ದಿಬ್ಬದಲ್ಲೂ ಗೇರ್ ಇಳಿಸದೆ ಎಳೆಸುವುದು, ಆಯಿಲ್ ಬದಲಾವಣೆ ಮುಂದೂಡುವುದು. ಈಗ ಡೀಸೆಲನ್ನು ದೂರುವಂತಿಲ್ಲ. ಬಿಎಸ್-3 ಕಾಲದಲ್ಲಿ ಅದರಲ್ಲಿ ಗಂಧಕ 350 ಪಿಪಿಎಂವರೆಗೂ ಇರುತ್ತಿತ್ತು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲೂ 10 ಪಿಪಿಎಂ ಮಿತಿಯ ಡೀಸೆಲ್ ಸಿಗುತ್ತಿದೆ. ಗೌರಿಬಿದನೂರಿನ ಹದಿನೈದು ವರ್ಷದ ಪಿಕಪ್ಪಿಗೂ ಅದೇ ಡೀಸೆಲ್. ಹಳೆಯ ಗಾಡಿಗಳನ್ನು ಗುಜರಿಗೆ ಹಾಕಿ ಎನ್ನುವವರಿಗಿಂತ, ಅವನ್ನು ಸರಿಯಾಗಿ ಇಟ್ಟುಕೊಳ್ಳಲು ನೆರವಾಗಿ ಎನ್ನುವವರ ಪರ ನಾನು. ಸಾಲ ತೀರಿಸಿದ ಗಾಡಿಯೊಂದೇ ಎಷ್ಟೋ ಮನೆಗಳ ಆಸ್ತಿ.

ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಹುಡುಗರ ಕೈಗೆ ಸ್ಕ್ಯಾನರ್ ಕೊಟ್ಟು, ಮಸಿ ಕಟ್ಟಿದ ನಿಜವಾದ ವಾಲ್ವುಗಳನ್ನು ಬಿಚ್ಚಿಸಿ ಕಲಿಸಬೇಕು. ಟೆಸ್ಟ್ ಮಾಡುವವರು ಇಜಿಆರ್ ಪೈಪಿನ ಜೋಡಣೆಗೆ ತಗಡು ಬಿದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಗಾಡಿ ಇಟ್ಟವರು ಟೊಮೆಟೊ ಸುಗ್ಗಿ ಏರುವ ಮೊದಲೇ, ಕೆಲಸ ಕಡಿಮೆಯಿರುವ ದಿನಗಳಲ್ಲಿ ವಾಲ್ವ್ ಬಿಚ್ಚಿಸಿ ತೊಳೆಸಬೇಕು. ಮತ್ತೆ ಕೂರಿಸುವ ಮುಂಚೆ ಅದನ್ನು ಕೈಗೆ ಕೊಡಿ ಎಂದು ಮೇಸ್ತ್ರಿಯನ್ನು ಕೇಳಬೇಕು.